ಹೂಂಗುಟ್ಟುವವರು

ಕಾಗೆ ಇನ್ನೂ ಬೆಳ್ಳಗಿದ್ದ ಕಾಲದಲ್ಲಿ ಒಬ್ಬಳು ಹುಡುಗಿ ಇದ್ದಳಂತೆ. ಜನರ ಮುಂದೆ ನಿಂತರೆ ಸಾಕು, ಅವಳ ಗಂಟಲಲ್ಲಿ ಒಂದು ಕಪ್ಪೆ ಬಂದು ಕೂರುತ್ತಿತ್ತಂತೆ. ಗುಬ್ಬಿ ತಾಲ್ಲೂಕಿನ ನಮ್ಮಜ್ಜಿ ರೇವಮ್ಮ ಬದುಕಿದ್ದಿದ್ದರೆ ಹೀಗೆ ಶುರುಮಾಡುತ್ತಿದ್ದಳು. ಊರು ತುಮಕೂರಿನ ಮರಳೂರು. ಹುಡುಗಿ ನಾನು, ಶಾಂತಲಾ.

ವ್ಯಕ್ತಿತ್ವ ವಿಕಸನದ ಪುಸ್ತಕಗಳು ಬೆಳೆದುಬಂದ ಬಗೆಯನ್ನು ಕುಣಿಗಲ್ಲಿನ ಓದುಗರ ಬಳಗದಲ್ಲಿ ಇಪ್ಪತ್ತು ನಿಮಿಷ ಹೇಳುತ್ತೇನೆಂದು ಮಾತು ಕೊಟ್ಟಿದ್ದೆ. ಅಂಥವು ನಲವತ್ತು ಓದಿದ್ದೆನಲ್ಲ. ಎರಡು ಸಲ ದಿನ ಗೊತ್ತಾಯಿತು, ಎರಡು ಸಲವೂ ಜ್ವರವೆಂದು ಸುಳ್ಳು ಹೇಳಿದೆ. ಮೂರನೇ ಸಲ ಬಳಗ ನಡೆಸುವ ಚನ್ನವೀರಯ್ಯ ಮೇಷ್ಟ್ರು ಫೋನ್ ಮಾಡಿದರು.

"ಈ ಸಲಾನೂ ಜ್ವರ ಬಂದ್ರೆ ಡಾಕ್ಟ್ರನ್ನೇ ಭಾಷಣಕ್ಕೆ ಕರೀತೀನಿ ಕಣಮ್ಮ. ನಿನ್ನ ಇನ್ಯಾವತ್ತೂ ಕರಿಯಲ್ಲ."

ನಕ್ಕೆ. ಫೋನಿಟ್ಟು, ಅವರು ಹೇಳಿದ ಭಾನುವಾರಕ್ಕೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿದೆ.

ಪುಸ್ತಕಗಳು ಹೇಳಿದಂತೆ ಇಪ್ಪತ್ತೊಂದು ದಿನ ಕನ್ನಡಿಯ ಮುಂದೆ ಅಭ್ಯಾಸ ಮಾಡಿದೆ. ಭಾನುವಾರ ಗೆಳತಿ ಅಕ್ಷತಾಳನ್ನು ಕರೆದುಕೊಂಡು ಬಸ್ಸು ಹತ್ತಿದೆ. ಅರ್ಧ ದಾರಿಯ ಹೆಬ್ಬೂರು ಬರುವಷ್ಟರಲ್ಲಿ ಚೀಲ ಎತ್ತಿಕೊಂಡು ಸೀಟಿನಿಂದ ಎದ್ದೆ.

"ಇಲ್ಲೇ ಇಳಿದುಬಿಡೋಣ ಕಣೇ."

"ಏನ್ಲೇ, ನಲವತ್ತು ಪುಸ್ತಕ ಓದಿ ಹೆಬ್ಬೂರು ದಾಟಕ್ಕಾಗಲ್ವಾ?" ಎಂದು ಅಕ್ಷತಾ ನನ್ನ ಚೀಲವನ್ನು ತನ್ನ ಕಾಲಸಂದಿಗೆ ಎಳೆದುಕೊಂಡಳು.

ಸಭೆಯಲ್ಲಿ ಮೂವತ್ತು ಜನ. ಶುರುಮಾಡಿದೆ. ಹಳೆಯ ಕಾಲದ ಪುಸ್ತಕಗಳು ದುಡಿ, ನಡತೆ ತಿದ್ದಿಕೋ ಎಂದವು. ಆಮೇಲಿನವು ನಗುತ್ತಿರು, ಎದುರಿನವರ ಹೆಸರು ಮರೆಯಬೇಡ ಎಂದವು. ಅಲ್ಲಿಗೆ ನಿಂತುಹೋದೆ. ಎಲ್ಲರೂ ಮರ್ಯಾದೆಯಿಂದ ಸುಮ್ಮನೆ ಕೂತಿದ್ದರು. ಕಪ್ಪೆ ಬಂದು ಕೂತಿತು.

ನಾನು ಹೂಂಗುಟ್ಟುವುದನ್ನು ನಿಲ್ಲಿಸಿದರೆ ಅಜ್ಜಿಯೂ ಹೀಗೇ ನಿಲ್ಲಿಸಿಬಿಡುತ್ತಿದ್ದಳು. "ಕೇಳೋರು ಹೂಂ ಅನ್ನದಿದ್ರೆ ಕಥೆ ದಾರಿ ತಪ್ತದೆ ಬುಡು" ಎಂದು ಮಗ್ಗುಲಾಗುತ್ತಿದ್ದಳು. ಮೌನವೆಂದರೆ ಮುಗಿಯಿತು ಎಂದೇ ನಾನು ಕಲಿತದ್ದು. ಆದರೆ ಭಯ ತೋರಿಸಬೇಡ, ಇನ್ನೊಬ್ಬರ ಒಪ್ಪಿಗೆಗೆ ಕಾಯಬೇಡ ಎಂದು ನಲವತ್ತೂ ಪುಸ್ತಕಗಳು ಒಂದೇ ಬಾಯಲ್ಲಿ ಹೇಳಿದ್ದವು. ಮೇಷ್ಟ್ರು ಗಡಿಯಾರ ನೋಡಿದರು.

"ನೀವು ಹೂಂ ಅನ್ಬೇಕು," ಎಂದೆ. "ಇಲ್ದಿದ್ರೆ ನಂಗೆ ಮುಂದಕ್ಕೆ ಹೇಳಕ್ಕಾಗಲ್ಲ."

ಯಾರೋ ಕಿಸಕ್ಕೆಂದರು. ಮೂರನೇ ಸಾಲಿನಲ್ಲಿದ್ದ ಒಬ್ಬ ಮುದುಕಿ ಸೆರಗು ಸರಿಮಾಡಿಕೊಂಡಳು.

"ಅಷ್ಟೇ ತಾನೆ? ಹೂಂ. ಹೇಳವ್ವ."

"ಆಮೇಲೆ ಬಂದ ಪುಸ್ತಕಗಳು, ಮನಸ್ಸಲ್ಲಿ ಗಟ್ಟಿಯಾಗಿ ಅಂದ್ಕೊಂಡ್ರೆ ಸಾಕು, ಸಿಗುತ್ತೆ ಅಂದ್ವು."

"ಹೂಂ. ಸಿಕ್ತಾ?"

"ನಂಗಂತೂ ಇಲ್ಲ."

ಸಭೆ ನಕ್ಕಿತು. ಈಗಿನವು ದಿನಕ್ಕೊಂದು ಸಣ್ಣ ಅಭ್ಯಾಸ ಸಾಕು ಎನ್ನುತ್ತವೆ ಎಂದಾಗ ಐದಾರು ಹೂಂಗಳು ಬಂದವು. ಕಪ್ಪೆ ಎದ್ದು ಹೋಗಲಿಲ್ಲ. ಟಿಪ್ಪಣಿ ಬರೆದುಕೊಂಡಿದ್ದ ಚೀಟಿ ಎರಡು ಸಲ ಕೈಜಾರಿತು. ಅದನ್ನು ಎತ್ತಿಕೊಳ್ಳುವಾಗಲೂ ಮುದುಕಿ ಹೂಂ ಎನ್ನುತ್ತಲೇ ಇದ್ದಳು. ಕೊನೆಯ ವಾಕ್ಯ ಹೇಳಿ ನಾನು ಕೂತೆ.

"ಇಪ್ಪತ್ಮೂರು ನಿಮಿಷ," ಎಂದರು ಮೇಷ್ಟ್ರು.