ಸಂಖ್ಯೆಯ ಪಕ್ಕದ ಒಂದೂವರೆ ಇಂಚು

ಎಲ್ಲಿಂದ ಶುರು ಮಾಡಲಿ ಹೇಳಿ. ‘ಒಂದಾನೊಂದು ಕಾಲದಲ್ಲಿ’ ಎಂದು ಬರೆದೆ, ಹೊಡೆದುಹಾಕಿದೆ. ಯಾವ ಕಾಲ ಅಂತ ನೀವು ಕೇಳಿಯೇ ಕೇಳುತ್ತೀರಿ. ಸರಿ, ಇಸವಿ ಹಾಕೋಣ ಎಂದರೆ ಅದರ ಪಕ್ಕದಲ್ಲಿ ಏನು ಬರೆಯಬೇಕೋ ತಿಳಿಯದೆ ಕೈ ನಿಂತಿತು. ಕ್ರಿಸ್ತಶಕ ಎನ್ನಲೇ, ಸಾಮಾನ್ಯ ಶಕ ಎನ್ನಲೇ? ಎರಡೂ ಒಂದೇ ವರ್ಷ, ಒಂದೇ ಅಂಕಿ, ಒಂದು ದಿನ ಕೂಡ ಆಚೀಚೆ ಇಲ್ಲ. ಆದರೂ ಮೊದಲನೆಯದನ್ನು ಬರೆದರೆ ಒಂದು ಕಡೆಯವರು ಬರುತ್ತಾರೆ, ಎರಡನೆಯದನ್ನು ಬರೆದರೆ ಇನ್ನೊಂದು ಕಡೆಯವರು. (ಬರುತ್ತಾರೆ ಅಂದೆನಲ್ಲ, ಅದು ಮಾತಿನ ಚಂದಕ್ಕಲ್ಲ. ನಿಜವಾಗಿಯೂ ಬಂದಿದ್ದಾರೆ, ಗೇಟಿನ ಹತ್ತಿರ ನಿಂತಿದ್ದಾರೆ. ಅವಸರ ಮಾಡಬೇಡಿ, ಹೇಳುತ್ತೇನೆ.)

ಇಸವಿ ಇಲ್ಲದೆಯೇ ಶುರು ಮಾಡುತ್ತೇನೆ. ಪುಕ್ಕಲ ಅನ್ನಿ ಬೇಕಾದರೆ.

೧

ಒಂದು ಮ್ಯೂಸಿಯಂ. ಮೆಟ್ಟಿಲ ಕೆಳಗೊಂದು ಕೋಣೆ, ತಲೆ ಬಗ್ಗಿಸಿಯೇ ಒಳಗೆ ಹೋಗಬೇಕು. ಅಲ್ಲಿ ಇಪ್ಪತ್ತಾರು ವರ್ಷದಿಂದ ಚೀಟಿಯಣ್ಣ ಕೂತಿದ್ದಾನೆ. ಗಾಜಿನ ಪೆಟ್ಟಿಗೆಯಲ್ಲಿ ಪ್ರತಿ ವಸ್ತುವಿನ ಮುಂದೆ, ಇದೇನು, ಎಲ್ಲಿ ಸಿಕ್ಕಿತು, ಎಷ್ಟು ಹಳೆಯದು ಅಂತ ಒಂದು ಚೀಟಿ ಇರುತ್ತದಲ್ಲ, ಅದನ್ನು ಮಾಡುವವನು ಅವನೇ. ಮೇಜಿನ ಮೇಲೆ ದಪ್ಪ ಕಾಗದ, ಸ್ಟೀಲ್ ಸ್ಕೇಲು, ಬ್ಲೇಡು, ಗೋಂದು. ಕಾಲವನ್ನು ಮಾತ್ರ ಬೇರೆ ಪಟ್ಟಿಯಲ್ಲಿ ಅಚ್ಚು ಹಾಕಿ ಕೆಳಗೆ ಅಂಟಿಸುವುದು ಅವನ ಪದ್ಧತಿ. ವಿದ್ವಾಂಸರು ಕಾಲದ ವಿಷಯದಲ್ಲಿ ವರ್ಷಕ್ಕೊಂದು ಮಾತು ಆಡುತ್ತಾರೆ. ಪ್ರತಿಸಲ ಇಡೀ ಚೀಟಿ ಮಾಡುತ್ತ ಕೂತರೆ ಮನೆಗೆ ಹೋದಂತೆಯೇ.

ಒಂದು ದಿನ ಮೇಲಿನ ಮಹಡಿಯಿಂದ ಮೇಡಂ ಫೋನ್ ಮಾಡಿದರು. ಮೇಡಂ ಎಂದರೆ ಮ್ಯೂಸಿಯಮ್ಮಿಗೇ ಯಜಮಾನಿ.

“ಇನ್ಮೇಲೆ ಕ್ರಿಸ್ತಶಕ ಬೇಡ. ಎಲ್ಲಾದನ್ನೂ ಸಾಮಾನ್ಯ ಶಕ ಮಾಡ್ಬಿಡಿ. ಕ್ರಿಸ್ತಪೂರ್ವ ಇದ್ದಲ್ಲಿ ಸಾಮಾನ್ಯ ಶಕ ಪೂರ್ವ.”

“ಆರ್ಡರ್ ಕಳಿಸ್ತೀರಾ ಮೇಡಂ?”

“ಕಳಿಸ್ತೀನಿ, ನೀವು ಶುರು ಮಾಡಿ.”

ಅವನು ಶುರು ಮಾಡಿದ. ಮುನ್ನೂರ ಹನ್ನೆರಡು ಪಟ್ಟಿ, ಹನ್ನೆರಡು ದಿನ. ಆರ್ಡರ್ ಮಾತ್ರ ಬರಲೇ ಇಲ್ಲ.

೨

ಮೊದಲು ಬಂದವರು ಒಬ್ಬ ಅಜ್ಜ. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಚೀಟಿ ಓದಿದರು. “ಏನಪ್ಪಾ, ನಮ್ಮ ಸ್ವಾಮಿ ಹೆಸರು ನಿಮಗೆ ಅಷ್ಟು ಭಾರ ಆಯ್ತಾ?” ಎಂದರು. ಕಣ್ಣಲ್ಲಿ ನೀರಿತ್ತು. ಪೆಟ್ಟಿಗೆಯ ಪಕ್ಕದಲ್ಲೇ ಇದ್ದ ಚೀಟಿಯಣ್ಣ “ಮೇಡಂಗೆ ಹೇಳ್ತೀನಿ ತಾತ” ಎಂದ.

ಕ್ರಿಸ್ತಶಕ ವಾಪಸ್ ಬರುತ್ತದಂತೆ ಎಂದು ಸುದ್ದಿ ಹೇಗೋ ಹಬ್ಬಿ, ಎರಡು ದಿನಕ್ಕೆ ಇಸ್ತ್ರಿ ಮಾಡಿದ ಅಂಗಿಯ ಯುವಕನೊಬ್ಬ ಬಂದ. “ಒಬ್ಬರ ದೇವರಿಂದ ಎಲ್ಲರ ವರ್ಷ ಯಾಕೆ ಎಣಿಸ್ಬೇಕು ಹೇಳಿ? ಹಳೇದನ್ನ ವಾಪಸ್ ಹಾಕಿ, ಏನಾಗುತ್ತೆ ನೋಡೋಣ.”

(ಇಬ್ಬರ ಮಾತಲ್ಲೂ ನ್ಯಾಯವಿದೆ. ಇವರಿಬ್ಬರನ್ನೇ ಒಂದು ಬೆಂಚಿನ ಮೇಲೆ ಕೂರಿಸಿ ಚಹಾ ಕೊಟ್ಟು ಕಥೆ ಮುಗಿಸಬಹುದಿತ್ತು. ಒಂದು ಕರಡಿನಲ್ಲಿ ಹಾಗೇ ಮಾಡಿದ್ದೆ. ಓದಿದರೆ ನನಗೇ ನಗು ಬಂತು, ಹರಿದೆ.)

ಆಮೇಲೆ ಬಂದವರಿಗೆ ಕಣ್ಣೀರೂ ಇರಲಿಲ್ಲ, ವಾದವೂ ಇರಲಿಲ್ಲ. ಎರಡು ಕಡೆಯವರೂ ಒಂದೇ ಪ್ರಶ್ನೆ ಕೇಳಿದರು: “ಈ ಚೀಟಿ ಬರೆಯೋನು ಯಾರು?”

ಗೇಟಿನ ಕಾವಲುಗಾರ ಓಡಿಬಂದು ಎದೆ ತಟ್ಟಿಕೊಂಡ. “ನಿಮ್ಮ ಹೆಸರು ಹೇಳ್ಲಿಲ್ಲ ಅಣ್ಣ, ದೇವರಾಣೆ! ಮನೆ ದಾರಿ ಮಾತ್ರ ಹೇಳ್ದೆ, ಅಷ್ಟೇ.”



ಮತ್ತೆ ೨

(ಇಲ್ಲಿ ೩ ಇರಬೇಕಿತ್ತು. ಆದರೆ ಮುಂದಿನದನ್ನು ಬರೆಯಲು ನನಗೆ ಇಷ್ಟವಿಲ್ಲ, ಆದಷ್ಟು ಹಿಂದೆಯೇ ನಿಲ್ಲುತ್ತೇನೆ.)

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅವನು ಯೋಚಿಸಿದ್ದು ಅಷ್ಟೇ. ಆ ಸೋಮವಾರ ಮ್ಯೂಸಿಯಂಗೆ ರಜೆ. ಬ್ಲೇಡು ಹಿಡಿದು ಹಾಲಿಗೆ ಹೋದ. ಗಾಜು ಸರಿಸಿ, ಪ್ರತಿ ಪಟ್ಟಿಯ ಎಡತುದಿಯನ್ನು ಒಂದೂವರೆ ಇಂಚು ಕತ್ತರಿಸಿದ. ಕ್ರಿಸ್ತನೂ ಇಲ್ಲ, ಸಾಮಾನ್ಯವೂ ಇಲ್ಲ, ಬರೀ ಅಂಕಿ. ಸಂಜೆ ಹೊತ್ತಿಗೆ ಮುನ್ನೂರ ಹನ್ನೆರಡೂ ಮುಗಿದವು. ಹದಿನೈದು ದಿನದಲ್ಲಿ ಮೊದಲ ಸಲ ಹೊಟ್ಟೆ ತುಂಬ ಉಂಡ.

‘ಪೂರ್ವ’ ಎನ್ನುವುದೂ ಅದೇ ಒಂದೂವರೆ ಇಂಚಿನಲ್ಲಿ ಹೋಗಿತ್ತು. ಭಯದಲ್ಲಿದ್ದವನಿಗೆ ಅದು ಹೊಳೆಯಲೇ ಇಲ್ಲ.

ಮರುದಿನ ಒಬ್ಬ ಟೀಚರ್ ನಲವತ್ತು ಮಕ್ಕಳನ್ನು ಕರೆತಂದರು. ಒಂದೇ ಪೆಟ್ಟಿಗೆಯಲ್ಲಿ ಮಣ್ಣಿನ ಗೊಂಬೆ, ಪಕ್ಕದಲ್ಲಿ ಕಂಚಿನ ದೀಪ. ಗೊಂಬೆಯ ಮುಂದೆ ೩೦೦. ದೀಪದ ಮುಂದೆಯೂ ೩೦೦.

“ನೋಡಿ ಮಕ್ಕಳೇ, ಈ ಗೊಂಬೆ ಇಟ್ಕೊಂಡಿದ್ದ ಮಗು ಈ ದೀಪದ ಬೆಳಕಲ್ಲೇ ಆಡಿರ್ಬೇಕು. ಬರ್ಕೊಳ್ಳಿ.”

ನಲವತ್ತು ಪೆನ್ಸಿಲ್ ಬರೆದುಕೊಂಡವು. ಗೊಂಬೆ ಕ್ರಿಸ್ತನಿಗಿಂತ ಮುನ್ನೂರು ವರ್ಷ ಹಿಂದಿನದು, ದೀಪ ಮುನ್ನೂರು ವರ್ಷ ಈಚಿನದು. ನಡುವಿನ ಆರುನೂರು ವರ್ಷ ಗುಳುಂ. ಕಂಬದ ಹಿಂದೆ ನಿಂತಿದ್ದ ಚೀಟಿಯಣ್ಣ ಬಾಯಿ ತೆರೆದ. ತಪ್ಪು ಅಂದರೆ, ಇದನ್ನು ಮಾಡಿದವನು ನಾನು ಅಂತ ಹೇಳಿದ ಹಾಗಾಗುತ್ತದೆ. ಬಾಯಿ ಮುಚ್ಚಿಕೊಂಡ. ಇಷ್ಟು ವರ್ಷದಲ್ಲಿ ತನ್ನ ಕೆಲಸದ ಬಗ್ಗೆ ಅವನಿಗೆ ನಾಚಿಕೆಯಾಗಿದ್ದು ಅದೇ ಮೊದಲು.

೪

ಅದೇ ದಿನ ಮಧ್ಯಾಹ್ನ ಹೆಂಡತಿಯ ಫೋನು.

“ರೀ, ಇಬ್ಬರು ಬಂದಿದ್ರು. ನಿಮ್ಮನ್ನ ಕೇಳಿದ್ರು.”

“ಏನಂದ್ರು? ಬೈದ್ರಾ?”

“ಇಲ್ಲ ರೀ. ನೀರು ಕೇಳಿ ಕುಡಿದ್ರು. ಮಗಳು ಎಷ್ಟು ಗಂಟೆಗೆ ಬರ್ತಾಳಮ್ಮ ಅಂದ್ರು. ಲೋಟ ತೊಳೆದಿಟ್ಟು ಹೋದ್ರು. ಬೈದಿದ್ರೆ ನನಗಿಷ್ಟು ಭಯ ಆಗ್ತಿರ್ಲಿಲ್ಲ.”

ಫೋನ್ ಇಡುವಷ್ಟರಲ್ಲಿ ಮೇಡಂ ಕೋಣೆಗೇ ಇಳಿದು ಬಂದರು. ಇಪ್ಪತ್ತಾರು ವರ್ಷದಲ್ಲಿ ಅವರು ಅಲ್ಲಿಗೆ ತಲೆ ಬಗ್ಗಿಸಿದ್ದು ಇದೇ ಮೊದಲು. ಕೈಯಲ್ಲಿ ಅವನ ಹೆಸರಿನಲ್ಲಿ ಟೈಪ್ ಮಾಡಿದ ಕಾಗದ: ಬದಲಿಸಿದ್ದೂ, ಕತ್ತರಿಸಿದ್ದೂ ಎಲ್ಲ ನನ್ನ ಸ್ವಂತ ಇಚ್ಛೆಯಿಂದ.

“ನಾಲ್ಕು ಗಂಟೆಗೆ ಗೇಟಿನ ಬೋರ್ಡಿಗೆ ಹಾಕ್ಬೇಕು. ಸಹಿ ಮಾಡಿ. ಇಲ್ದಿದ್ರೆ ಜನ ಒಳಗೇ ನುಗ್ತಾರೆ. ಆಮೇಲೆ ನಾನೇನೂ ಮಾಡೋಕಾಗಲ್ಲ.”

“ನೀವೇ ಫೋನ್ ಮಾಡಿದ್ರಲ್ಲ ಮೇಡಂ...”

“ಕಾಗದ ಇದ್ಯಾ?”

ಇಲ್ಲವಲ್ಲ.

೫

ಇಲ್ಲಿ ನಾನು ಕಥೆಯೊಳಕ್ಕೆ ಹೋಗಿ ಅವನ ಎದುರು ಕೂತೆ. ಸ್ಟೂಲು ಒಂದೇ ಇತ್ತು, ನೆಲದ ಮೇಲೆಯೇ ಕೂತೆ.

“ಸಹಿ ಮಾಡ್ಬೇಡಿ” ಎಂದೆ. “ಮೇಡಂ ಸಿಕ್ಕಿಬೀಳೋ ಹಾಗೆ ಬರೀತೀನಿ. ಆರ್ಡರ್ ಒಂದು ಯಾವುದೋ ಡ್ರಾಯರಲ್ಲಿ ಸಿಗುತ್ತೆ. ನಿಮಗೆ ಸನ್ಮಾನ ಮಾಡ್ಸೋಣ.”

“ಸಾಕು ಸುಮ್ನಿರಿ ಕಥೆಗಾರ್ರೇ. ಕಿವಿ ಮೇಲೆ ಹೂವ ಇಡೋಕೆ ಬಂದ್ರಾ? ಡ್ರಾಯರಲ್ಲಿ ಬ್ಲೇಡ್ ಬಿಟ್ರೆ ಏನಿಲ್ಲ.”

“ಹಾಗಾದ್ರೆ ಇಲ್ಲಿಗೇ ನಿಲ್ಲಿಸ್ತೀನಿ. ಮುಂದೆ ಬರೆದ್ರೆ ತಾನೆ ಏನಾದ್ರೂ ಆಗೋದು?”

“ನೀವು ಬರೀಲಿಲ್ಲ ಅಂದ್ರೆ ಅವರು ಬರಲ್ವಾ? ನನ್ನ ಈ ಭಯದಲ್ಲೇ ಕೂರ್ಸಿ ಎದ್ದು ಹೋಗ್ತೀರಾ? ಭಲೇ ಉಪಕಾರ.”

ಅವನು ಮೇಡಂ ಕೊಟ್ಟ ಕಾಗದವನ್ನು ಪಕ್ಕಕ್ಕಿಟ್ಟ. ಒಂದು ಖಾಲಿ ಹಾಳೆ ಎಳೆದುಕೊಂಡು ತನ್ನ ಕೈಬರಹದಲ್ಲಿ ಬರೆದ: ಬದಲಿಸಲು ಮೇಡಂ ಫೋನಿನಲ್ಲಿ ಹೇಳಿದರು. ಕತ್ತರಿಸಿದ್ದು ನಾನು, ಯಾರೂ ಹೇಳಿಲ್ಲ, ಹೆದರಿ ಕತ್ತರಿಸಿದೆ. ಮಣ್ಣಿನ ಗೊಂಬೆ ದೀಪಕ್ಕಿಂತ ಆರುನೂರು ವರ್ಷ ಹಳೆಯದು, ಮಕ್ಕಳು ತಿದ್ದಿಕೊಳ್ಳಬೇಕು. ಕೆಳಗೆ ಪೂರ್ತಿ ಹೆಸರು ಬರೆದು ಸಹಿ ಮಾಡಿದ.

“ಬೇಡ” ಎಂದು ತೋಳು ಹಿಡಿದೆ.

“ಮಾಡಿದ್ದುಣ್ಣೋ ಮಹಾರಾಯ ಅಂತಾರಲ್ಲ. ಬ್ಲೇಡ್ ಹಿಡ್ದಿದ್ದು ನನ್ನ ಕೈ ತಾನೆ” ಎಂದ. ತಾನೇ ಹೋಗಿ ಬೋರ್ಡಿಗೆ ಪಿನ್ ಚುಚ್ಚಿ ಬಂದ.

ಕೊನೆ, ಒಂದನೆಯದು

ನಾಲ್ಕೂವರೆಗೆ ಕಾವಲುಗಾರ ಹಲ್ಲು ಕಿರಿಯುತ್ತ ಬಂದ. “ಗೇಟ್ ಹತ್ರ ಒಂದು ನರಪಿಳ್ಳೆ ಇಲ್ಲ ಅಣ್ಣ! ಎಲ್ಲರೂ ಓದಿದ್ರು, ಹೋದ್ರು.”

(ಓದುಗರೇ, ನಿಮಗೆ ಕೆಲಸವಿದ್ದರೆ ಇಲ್ಲೇ ಎದ್ದು ಹೋಗಿ. ಸತ್ಯ ಹೇಳಿದ, ಜನ ಚದುರಿದರು. ಒಳ್ಳೆಯ ಕೊನೆ. ನಾನೂ ಇಲ್ಲೇ ಪೆನ್ನಿಗೆ ಮುಚ್ಚಳ ಹಾಕಿದ್ದೆ.)

ಕೊನೆ, ಎರಡನೆಯದು

“ಎಲ್ಲಿಗೆ ಹೋದ್ರು?” ಎಂದು ಕೇಳಿದ ಚೀಟಿಯಣ್ಣ.

ಕಾವಲುಗಾರನ ನಗು ನಿಂತಿತು.

ಫೋನ್ ಎತ್ತಿ ಚೀಟಿಯಣ್ಣ ಎರಡು ಸಲ ತಪ್ಪು ನಂಬರ್ ಒತ್ತಿದ. ಮೂರನೆಯ ಸಲಕ್ಕೆ ಹೆಂಡತಿ ಸಿಕ್ಕಳು.

“ಚಿಲಕ ಹಾಕ್ಕೊ. ನಾನು ಬರೋವರೆಗೂ ಯಾರಿಗೂ ತೆಗೀಬೇಡ.”

“ಹಾಕ್ಕೊಂಡೇ ಇದೀನಿ” ಎಂದಳು. ಪಿಸುಮಾತು. “ಯಾರೋ ಬಾಗಿಲು ತಟ್ತಿದಾರೆ ರೀ. ಕೂಗಿದ್ರೂ ಮಾತಾಡ್ತಿಲ್ಲ. ಮಗಳಿನ್ನೂ ಬಂದಿಲ್ಲ. ಅವಳೇ ಇರ್ಬಹುದು, ಹೆದರ್ಕೊಂಡು ಮಾತು ಬರ್ತಿಲ್ವೇನೋ. ಅವರೂ ಇರ್ಬಹುದು. ತೆಗೀಲಾ?”

ಚೀಟಿಯಣ್ಣ ಫೋನಿಗೆ ಕೈ ಅಡ್ಡ ಹಿಡಿದು ನನ್ನ ಕಡೆ ತಿರುಗಿದ. “ಕಥೆಗಾರ್ರೇ, ಬೇಗ ಹೇಳಿ. ಆಚೆ ಯಾರಿದಾರೆ?”

ನನಗೆ ಗೊತ್ತಿಲ್ಲ. ನಿಮ್ಮಾಣೆಗೂ ನಾನದನ್ನು ಯೋಚಿಸಿರಲಿಲ್ಲ. ಅವನು ಇನ್ನೂ ನನ್ನನ್ನೇ ನೋಡುತ್ತಿದ್ದಾನೆ. ಫೋನಿನೊಳಗೆ ಅವಳು ಮತ್ತೆ ಕೇಳುತ್ತಿದ್ದಾಳೆ,

“ರೀ, ತೆಗೀಲಾ ಬೇಡ್ವಾ?”