ನಡೆದಾಡುವ ಹಳದಿ

ಬೆರ್ರಿಯೆಸಾ ಎಂಬ ಪರದೇಶದ ಊರಿನ ಆ ಮನೆಯ ಹಿತ್ತಲಲ್ಲಿ ಓಕ್ ಮರದ ಕೊರಡೊಂದು ಕೊಳೆಯುತ್ತ ಬಿದ್ದಿತ್ತು. ಮಳೆ ನಿಂತ ಮೇಲೆ ಅದರ ಮೈಮೇಲೆ ಚೆಲ್ಲಿದ ಕಡಲೆಹಿಟ್ಟಿನ ಝುಣಕದಂಥ ಹಳದಿಯೊಂದು ಕಾಣಿಸಿಕೊಂಡಿತು.

“ಯತೀಶಾ, ಅದು ನಡೀತೈತೋ,” ಎಂದಳು ಶರಣವ್ವ ಮಗನಿಗೆ. “ನಿನ್ನೆ ಕೊರಡಿನ ಗಂಟಿನ ಮ್ಯಾಲಿತ್ತು. ಇವತ್ತ ತುದಿಗಿ ಹೋಗೇತಿ.”

ಯತೀಶ ಹೆಂಡತಿ ನೀತಾಳ ಮುಖ ನೋಡಿದ. ಹೋದ ವಾರವಷ್ಟೇ ಅವ್ವ ಒಲೆಯ ಮೇಲೆ ಹಾಲಿಟ್ಟು ಮರೆತಿದ್ದಳು. ಈಗ ಇದು ಬೇರೆ!

ಮರುದಿನ ಶರಣವ್ವ ರೊಟ್ಟಿ ಬಡಿಯಲು ಹೋದರೆ ಒಲೆ ಹಚ್ಚಲು ತಿರುಗಿಸುವ ನಾಬುಗಳೇ ಇರಲಿಲ್ಲ. ಮಗ, ಸೊಸೆ ಕಿತ್ತು ಎತ್ತಿಟ್ಟಿದ್ದರು.

“ಸೇಫ್ಟಿಗೆ ಅತ್ತೆ,” ಎಂದಳು ನೀತಾ. “ಮೆಮೊರಿ ಟೆಸ್ಟು ಒಂದು ಆಗ್ಲಿ.”

“ಹಾಲು ನೀನೂ ಉಕ್ಕಿಸೀದಿ ತಂಗಿ. ನಿನ್ನ ಯಾರೂ ಟೆಸ್ಟಿಗಿ ಒಯ್ಲಿಲ್ಲ.”

ನೀತಾ ನಕ್ಕು ಡಾಕ್ಟರಿಗೆ ಫೋನ್ ಮಾಡಿದಳು.

ಕುಳ್ಳಿನ ಒಲೆಯ ಕಾಲದಿಂದ ಮನೆಮಂದಿಗೆ ಬೇಯಿಸಿ ಹಾಕಿದ ಕೈ ಅದು. ಆ ಹಳದಿ ನಡೆದದ್ದು ಖರೆಯೆಂದು ಯಾರಾದರೂ ಹೇಳಿದರೆ ಒಲೆ ಮರಳಿ ಸಿಕ್ಕೀತು ಎಂದುಕೊಂಡಳು ಶರಣವ್ವ. ಮೊಮ್ಮಗಳು ತನ್ವಿಯನ್ನು ಕರೆದೊಯ್ದು ಹಳದಿಯ ಅಂಚಿಗೆ ಊದಿನಕಡ್ಡಿಯ ತುಂಡು ಚುಚ್ಚಿದಳು. ತನ್ವಿ ಫೋಟೋ ತೆಗೆದಳು. ಬೆಳಗಾಗುವಷ್ಟರಲ್ಲಿ ಹಳದಿ ಕಡ್ಡಿಯನ್ನು ದಾಟಿ ಗೇಣು ಮುಂದೆ ಸರಿದಿತ್ತು. ಹಿಂದೆ ಲೋಳೆ ಒಣಗಿದ ಗೆರೆ.

ಎರಡೂ ಫೋಟೋಗಳನ್ನು ತನ್ವಿ ಗಿಡ, ಅಣಬೆಗಳನ್ನು ಬಲ್ಲವರಿಗೆ ಕಳಿಸಿದಳು. ಉತ್ತರ ಬಂತು: ಇದು ಸ್ಲೈಮ್ ಮೋಲ್ಡ್. ಅಣಬೆಯಲ್ಲ, ಗಿಡವೂ ಅಲ್ಲ, ಸತ್ತ ಮರದ ಮೇಲೆ ತೆವಳಿ ಬದುಕುತ್ತದೆ. ಫುಲಿಗೋ ಸೆಪ್ಟಿಕಾ ಇರಬಹುದು. ಅದು ಗಟ್ಟಿಗೊಂಡು ಸಿಪ್ಪೆ ಒಡೆದಾಗ ಒಳಗಿನ ಪುಡಿ ಯಾವ ಬಣ್ಣವೆಂದು ನೋಡಿ ತಿಳಿಸಿ, ಆಗ ಖಚಿತವಾಗಿ ಹೇಳುತ್ತೇವೆ.

“ಅಪ್ಪಾ, ಇಟ್ ಮೂವ್ಸ್! ಅಜ್ಜಿ ವಾಸ್ ರೈಟ್!”

“ಅರೆ, ಹೌದಲ್ಲ!” ಯತೀಶ ನಗುತ್ತ ಫೋಟೋಗಳನ್ನು ಗೆಳೆಯರ ಗ್ರೂಪಿಗೆ ಹಾಕಿದ.

“ಹಂಗಾರ ಒಲಿಗಿ ನಾಬು ಹಚ್ಚೋ.”

“ಅದು ಬೇರೆ ವಿಷ್ಯ ಅವ್ವಾ. ಟೆಸ್ಟಿಗೆ ಅಪಾಯಿಂಟ್‌ಮೆಂಟು ಆಗ್ಬಿಟ್ಟಿದೆ. ಇದೊಂದು ನಿಜ ಆಯ್ತು ಅಂತ ಎಲ್ಲಾನೂ ನಂಬಕ್ಕಾಗತ್ತಾ?”

ಶರಣವ್ವ ಎದ್ದು ಹಿತ್ತಲಿಗೆ ಹೋದಳು.

ಹಳದಿ ಒಂದೆಡೆ ನಿಂತು ಸುಣ್ಣದ ಗಾರೆಯಂತೆ ಗಟ್ಟಿಯಾಯಿತು. ಎಲ್ಲರೂ ಆಫೀಸು, ಶಾಲೆಗೆ ಹೋಗಿದ್ದ ಒಂದು ಮಧ್ಯಾಹ್ನ, ಶರಣವ್ವ ನೋಡುತ್ತಿದ್ದಂತೆಯೇ ಅದರ ಸಿಪ್ಪೆ ಬಿರಿಯಿತು. ಕಾಡಿಗೆಯಂಥ ಪುಡಿ ಗಾಳಿಗೆದ್ದು ಬೇಲಿ ದಾಟಿ ಹೋಯಿತು. ಆಮೇಲೆ ಬಂದ ಮಳೆ ಉಳಿದದ್ದನ್ನು ತೊಳೆದುಹಾಕಿತು.

ಶಾಲೆಯಿಂದ ಬಂದ ತನ್ವಿ ಹಿತ್ತಲಿಗೆ ಓಡಿ, ಬರಿದಾದ ಕೊರಡು ನೋಡಿ ಒಳಗೆ ಬಂದಳು. “ಅಜ್ಜಿ, ಪುಡಿ ಯಾವ ಕಲರ್? ಯೂ ಸಾ ಇಟ್, ರೈಟ್?”

ಅವಳನ್ನು ಶಾಲೆಯಿಂದ ಕರೆತಂದಿದ್ದ ಯತೀಶನೂ ಫೋನಿನಿಂದ ತಲೆಯೆತ್ತಿದ.

“ಇಲ್ಲವ್ವ,” ಎಂದಳು ಶರಣವ್ವ, ಮಗನ ಕಣ್ಣನ್ನೇ ನೋಡುತ್ತ. “ನಾ ಏನೂ ನೋಡಿಲ್ಲ.”