ಪರದೆಯ ಹಿಂದಿನ ಮಗಳು

ಬಟ್ಟೆ ಹೊಲಿಯುವವರ ಮನೆಯಲ್ಲಿ ಪರದೆಗೇನು ಬರ? ಆ ದರ್ಜಿಯ ಅಂಗಡಿಗೂ ಅದರ ಹಿಂದಿನ ಮನೆಗೂ ನಡುವೆ ದಪ್ಪನೆಯ ಪರದೆಯೊಂದಿತ್ತು. ಗಿರಾಕಿಗಳಿಲ್ಲದಾಗ ಅದು ಪಕ್ಕಕ್ಕೆ ಸರಿದಿರುತ್ತಿತ್ತು. ಮುಂದೆ ದರ್ಜಿ ಯಂತ್ರ ತುಳಿಯುತ್ತಿದ್ದರೆ, ಒಳಗೆ ಅವನ ಹೆಂಡತಿ ಗುಂಡಿ ಹಚ್ಚುತ್ತಿದ್ದಳು, ತಾಯಿ ಚೂರುಬಟ್ಟೆ ಆರಿಸುತ್ತಿದ್ದಳು. ಮಗಳು ಚಾಪೆಯ ಮೇಲೆ ದಿಂಬಿಗೊರಗಿ ಅಪ್ಪನ ಕೆಲಸದಲ್ಲಿ ತಪ್ಪು ಹುಡುಕುತ್ತಿದ್ದಳು.

"ಅಪ್ಪಾ, ಕಾಲರು ಸೊಟ್ಟ."

"ನೀನು ನನ್ನ ಮಗಳೋ, ಮೇಷ್ಟ್ರೋ?" ಎಂದು ಗೊಣಗುತ್ತಲೇ ಅವನು ಹೊಲಿಗೆ ಬಿಚ್ಚುತ್ತಿದ್ದ. ನೋಡಿದರೆ ಕಾಲರು ನಿಜಕ್ಕೂ ಸೊಟ್ಟಗೇ ಇರುತ್ತಿತ್ತು.

ಹುಟ್ಟುವಾಗ ಉಸಿರು ಕಟ್ಟಿದ ಮಗು ಅದು. ಕಾಲುಗಳಲ್ಲಿ ಬಲವಿಲ್ಲ, ಎಡಗೈ ಮಡಚಿಕೊಂಡಿದೆ, ಮಾತು ಎಳೆದೆಳೆದು ಬರುತ್ತದೆ. ಬುದ್ಧಿ ಮಾತ್ರ ಚುರುಕು. ಇಪ್ಪತ್ತು ದಾಟಿದ್ದರೂ ಮನೆಯವರಿಗೆ ಅವಳು ಪಾಪುವೇ. ಅಮ್ಮ ಎತ್ತಿಕೊಂಡೇ ಸ್ನಾನ ಮಾಡಿಸಬೇಕು, ಅಜ್ಜಿ ತುತ್ತಿಟ್ಟೇ ಉಣ್ಣಿಸಬೇಕು. ಹೊಸ್ತಿಲಲ್ಲಿ ಚಪ್ಪಲಿ ಸದ್ದಾದರೆ ಸಾಕು, ಪರದೆ ಮುಚ್ಚುತ್ತಿತ್ತು. ಮುಚ್ಚಿದ ಮೇಲೆ ಪಾಪು ನಗಬಾರದು, ಕೆಮ್ಮಬಾರದು, ಕರೆಯಬಾರದು. ಆ ಬೀದಿಯಲ್ಲಿ ಇಂಥ ಮಕ್ಕಳಿದ್ದ ಮನೆಗಳೆಲ್ಲ ಹಾಗೇ ಬದುಕುತ್ತಿದ್ದವು. ಅದಕ್ಕೆ ಮರ್ಯಾದೆ ಎಂದು ಹೆಸರು. ಕ್ರೌರ್ಯ ಎಂದಿದ್ದರೆ ಅವರು ಬೆಚ್ಚಿಬೀಳುತ್ತಿದ್ದರು, ಏಕೆಂದರೆ ಅವಳನ್ನು ಅಂಗೈಯಲ್ಲಿಟ್ಟು ಸಾಕಿದ್ದರು.

ಸರಕಾರದ ಪುನರ್ವಸತಿ ಕೇಂದ್ರದ ಮೇಡಂ ಒಂದು ದಿನ ಆಸ್ಪತ್ರೆಯ ಹಳೆಯ ದಾಖಲೆ ಹಿಡಿದು ಹುಡುಕಿಕೊಂಡು ಬಂದು ಪಾಪುವಿನ ಬಲಗೈ ಹಿಡಿದು ನೋಡಿದಳು.

"ಈ ಮೊಣಕೈಯೂ ಬಿಗಿಯಾಗ್ತಿದೆ. ಈಗ ವ್ಯಾಯಾಮ ಶುರುಮಾಡಿದ್ರೆ ತಾನೇ ಉಣ್ಣಬಹುದು, ಗಾಲಿಕುರ್ಚಿ ತಳ್ಳಬಹುದು. ಮಾತು ಸ್ಪಷ್ಟವಾಗೋಕೂ ಕಲಿಸ್ತೀವಿ. ಬಾಗಿಲಿಗೇ ವ್ಯಾನು ಬರುತ್ತೆ."

"ಬಾಗಿಲಿಗೇ!" ಅಜ್ಜಿ ಸಿಡಿದಳು. "ಆ ವ್ಯಾನಿನ ಮೇಲೆ ಅಷ್ಟು ದಪ್ಪ ಅಕ್ಷರದಲ್ಲಿ ಕೇಂದ್ರದ ಹೆಸರು ಬರ್ದಿದೆಯಲ್ಲಮ್ಮ, ಊರಿಗೆಲ್ಲ ಡಂಗುರ ಹೊಡೆದ ಹಾಗೆ! ನಾವೇನು ಸತ್ತಿದ್ದೀವಾ? ನಮ್ಮ ಪಾಪೂಗೆ ನಾವಿದ್ದೀವಿ."

"ಎಷ್ಟು ದಿನ ಇರ್ತೀರಿ ಅಜ್ಜಿ?"

"ಏನಂದೆ?"

"ಸಿಟ್ಟಾಗಬೇಡಿ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗುತ್ತಾ? ಅವಳ ಕೈ ನೀವು ಒಪ್ಪೋವರೆಗೂ ಕಾಯಲ್ಲ."

"ನನ್ನ ಕೇಳಿ," ಎಂದಳು ಪಾಪು. ಅಷ್ಟರಲ್ಲಿ ಹೊಸ್ತಿಲಲ್ಲಿ ಚಪ್ಪಲಿ ಸದ್ದಾಯಿತು. ಪರದೆ ಮುಚ್ಚಿತು. ಕೇಳಬೇಕಾದ ಮಾತು ಹಾಗೇ ಉಳಿಯಿತು.

ಪ್ರೀತಿಗೂ ಸೊಂಟವಿದೆ ಎಂಬುದನ್ನು ನಾವು ಮರೆಯುತ್ತೇವೆ. ಕೆಲವು ತಿಂಗಳ ಮೇಲೆ ಅಮ್ಮ ಮಗಳಿಗೆ ಸ್ನಾನ ಮಾಡಿಸಿ, ಎತ್ತಿ ತಂದು ಚಾಪೆಯ ಮೇಲೆ ಕೂರಿಸಿದಳು. ನೆಟ್ಟಗಾಗಲು ಹೋದಾಗ ಸೊಂಟ ಹಿಡಿಯಿತು. ಮುಗ್ಗರಿಸಿ ಬಿದ್ದಳು, ತಲೆ ಗೋಡೆಯ ಮೂಲೆಗೆ ಬಡಿಯಿತು. ಅಜ್ಜಿ ಮನೆಯಲ್ಲಿರಲಿಲ್ಲ. ಅಂಗಡಿಯಲ್ಲಿ ಯಂತ್ರ ಗಡಗಡಿಸುತ್ತಿತ್ತು. ಬಹುಕಾಲದ ಗಿರಾಕಿ ಬ್ಯಾಂಕಿನಮ್ಮ ತೋಳಿನ ಉದ್ದದ ಬಗ್ಗೆ ವಾದಿಸುತ್ತ ನಿಂತಿದ್ದಳು.

ಅವಳು ಹೋದಮೇಲೆ ದರ್ಜಿ ಪರದೆ ಸರಿಸಿದ. ಹೆಂಡತಿ ಪ್ರಜ್ಞೆಯಿಲ್ಲದೆ ರಕ್ತದಲ್ಲಿ ಮಲಗಿದ್ದಳು. ಮಗಳ ಬಲಗೈ ಪರದೆಯತ್ತ ಚಾಚಿತ್ತು. ಮೊಣಕೈ ನೆಟ್ಟಗಾಗದೆ ಬೆರಳು ಗೇಣು ದೂರದಲ್ಲೇ ಉಳಿದಿತ್ತು. ಅವಳ ಮುಖವೆಲ್ಲ ಕಣ್ಣೀರು, ಸದ್ದು ಮಾತ್ರ ಇಲ್ಲ.

"ಯಾಕೆ ಕೂಗಲಿಲ್ಲ? ಪಾಪೂ, ಯಾಕೆ ಕೂಗಲಿಲ್ಲ ನೀನು?"

"ಪರದೆ... ಹಾಕಿತ್ತಲ್ಲ ಅಪ್ಪಾ."

ಅಯ್ಯೋ, ಎಷ್ಟು ಚೆನ್ನಾಗಿ ಕಲಿಸಿದ್ದರು ಅವಳಿಗೆ!

ಅಮ್ಮ ಬದುಕಿದಳು, ಆದರೆ ಇನ್ನು ಭಾರ ಎತ್ತುವಂತಿಲ್ಲ ಎಂದರು ವೈದ್ಯರು. ಎತ್ತಲು ಯಾರನ್ನಾದರೂ ಕೆಲಸಕ್ಕೆ ಇಟ್ಟುಕೊಂಡರಾಯಿತು ಎಂದು ಅಜ್ಜಿ ಹಟ ಹಿಡಿದಳು.

"ಬೇಡ," ಎಂದಳು ಪಾಪು. "ನಾನು ಕೇಂದ್ರಕ್ಕೆ ಹೋಗ್ತೀನಿ."

ದರ್ಜಿ ತಾನೇ ಮೇಡಂ ಬಳಿ ಹೋಗಿ ಕೇಳಿಕೊಂಡ. ಆದರೂ ಹಳೆಯ ಅಂಜಿಕೆ ಸುಲಭಕ್ಕೆ ಬಿಡುತ್ತದೆಯೇ? ವ್ಯಾನು ಬರುವ ದಿನ, "ಹಿತ್ತಲ ಸಂದಿಯಲ್ಲಿ ನಿಲ್ಸೋಕೆ ಹೇಳಿದ್ದೀನಿ ಕಣಮ್ಮ, ಅಲ್ಲಿಂದ ಹತ್ತಿಸಿಬಿಡೋಣ," ಎಂದ.

"ಮುಂದಿನ ಬಾಗಿಲಿಂದ ಆದ್ರೆ ಹೋಗ್ತೀನಿ. ಇಲ್ಲಾಂದ್ರೆ ಇಲ್ಲ."

"ಅಂಗಡೀಲಿ ಗಿರಾಕಿ ಇದ್ದಾರೆ ಪಾಪು..."

"ಇರ್ಲಿ."

ಮಂಚದ ಮೇಲಿದ್ದ ಅಮ್ಮ ಗಂಡನನ್ನೇ ನೋಡಿದಳು. "ಹೊರಗೆ ಕರ್ಕೊಂಡು ಹೋಗ್ರೀ," ಎಂದಳು.

ಕೇಂದ್ರದವರು ತಂದ ಗಾಲಿಕುರ್ಚಿಯಲ್ಲಿ ಅವನು ಮಗಳನ್ನು ಕೂರಿಸಿ, ಅಂಗಡಿಯ ನಡುವೆ ತಳ್ಳಿಕೊಂಡು ಬಂದ. ಬ್ಯಾಂಕಿನಮ್ಮ ಅಲ್ಲೇ ಕೂತಿದ್ದಳು. ಅವಳು ಕುರ್ಚಿಯನ್ನೂ ಹುಡುಗಿಯ ಮುಖವನ್ನೂ ನೋಡಿ, ಆ ಮುಖದಲ್ಲಿ ದರ್ಜಿಯ ಹೋಲಿಕೆ ಕಂಡು ದಂಗಾದಳು.

"ಇಷ್ಟು ವರ್ಷದಿಂದ ಬರ್ತಿದ್ದೀನಿ! ನಿಮಗೆ ಮಗಳಿದ್ದಾಳಾ?"

ಮಗಳು ತಲೆ ಎತ್ತಿದಳು. ಒಂದೊಂದೇ ಪದವನ್ನು ಕಷ್ಟಪಟ್ಟು, ಬೀದಿಗೂ ಕೇಳುವ ಹಾಗೆ ಹೇಳಿದಳು:

"ಇದ್ದೀನಮ್ಮ. ಮೊದ್ಲಿಂದ್ಲೂ ಇಲ್ಲೇ ಇದ್ದೀನಿ."